ಮೈಸೂರಿನ ಹಳೇ ರಿಜಿಸ್ಟರ್, ನಮ್ಮ ಹೊಟ್ಟೆ

ಇಬ್ಬರು ಡಾಕ್ಟರುಗಳು ಅಕ್ಕಪಕ್ಕ ನಿಂತಿರುವ ಒಂದು ಫೋಟೋ ಇದೆ. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ನಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ನೋಡಲು ಇಬ್ಬರೂ ತೆಳ್ಳಗೇ ಇದ್ದಾರೆ. ಎತ್ತರಕ್ಕೂ ತೂಕಕ್ಕೂ ತಾಳೆ ಹಾಕುವ ಬಿಎಂಐ ಇಬ್ಬರದೂ ಒಂದೇ, 22.3. ಆದರೆ ಮೈಯೊಳಗಿನ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರದು ಶೇ 9.1 ಬಂತು, ಯಾಜ್ನಿಕ್ ಅವರದು ಶೇ 21.2! 2004ರಲ್ಲಿ ಈ ಫೋಟೋ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು.

"ನಾನೇನು ಅಂಥಾ ದಪ್ಪ ಇಲ್ಲ ಬಿಡಿ" ಎನ್ನುವ ನನ್ನಂಥವರಿಗೆ ಈ ಫೋಟೋ ಸ್ವಲ್ಪ ಇರಿಸುಮುರಿಸು ತರುತ್ತದೆ. ಕೈಕಾಲು ಕಡ್ಡಿ, ನಡುವೆ ಮಾತ್ರ ಒಂದು ಗಡಿಗೆ. ನಲವತ್ತು ದಾಟಿದ ನಮ್ಮ ಗಂಡಸರ ಮೈಕಟ್ಟು ಹೆಚ್ಚಾಗಿ ಇದೇ ಅಲ್ವಾ? ಅದಕ್ಕೇ ಬೇರೆ ಕಡೆ ಬಿಎಂಐ 30 ಆದ ಮೇಲೆ ಬೊಜ್ಜು ಎಂದರೆ, ನಮ್ಮ ವೈದ್ಯರು 25ಕ್ಕೇ ಗೆರೆ ಎಳೆದಿದ್ದಾರೆ. ಐಸಿಎಂಆರ್ ದೇಶದ ಉದ್ದಗಲಕ್ಕೂ ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಈ ಲೆಕ್ಕದ ಬೊಜ್ಜು ಶೇ 28.6ರಷ್ಟು ವಯಸ್ಕರಿಗಿತ್ತು. ಟೇಪು ಹಿಡಿದು ಹೊಟ್ಟೆ ಸುತ್ತಳತೆ ನೋಡಿದಾಗ ಅದು ಶೇ 39.5ಕ್ಕೆ ಏರಿತು.

ಇದು ಯಾವಾಗ ಶುರುವಾಗುತ್ತದೆ? ಯಾಜ್ನಿಕ್ ಅವರ ತಂಡ ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಆಗಷ್ಟೇ ಹುಟ್ಟಿದ ಕೂಸುಗಳನ್ನು ತೂಗಿತು. ಸರಾಸರಿ 2.7 ಕಿಲೋ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಹುಟ್ಟಿದ ಮಕ್ಕಳು 3.5 ಕಿಲೋ. ನಮ್ಮ ಕೂಸುಗಳ ತೋಳು ಸಣ್ಣ, ಹೊಟ್ಟೆಯ ಸುತ್ತಳತೆ ಸಣ್ಣ. ಆದರೆ ಬೆನ್ನಿನ ಚರ್ಮವನ್ನು ಚಿವುಟಿ ಹಿಡಿದು ಅಳೆದರೆ ಅದರಡಿಯ ಕೊಬ್ಬು ಮಾತ್ರ ಇಂಗ್ಲೆಂಡಿನ ಮಕ್ಕಳಿಗಿಂತ ಅಷ್ಟೇನೂ ಕಡಿಮೆ ಇರಲಿಲ್ಲ. ತಾಯಿಯ ತಟ್ಟೆಯಲ್ಲಿ ಕಡಿಮೆ ಬಿದ್ದಾಗ ಹೊಟ್ಟೆಯಲ್ಲಿರುವ ಮಗು ಮೊದಲು ಮಿದುಳನ್ನು ಕಾಪಾಡಿಕೊಳ್ಳುತ್ತದೆ. ಕಷ್ಟಕಾಲಕ್ಕೆ ಇರಲಿ ಎಂದು ಕೊಬ್ಬನ್ನೂ ಇಟ್ಟುಕೊಳ್ಳುತ್ತದೆ. ಮಾಂಸಖಂಡಕ್ಕೆ ಕತ್ತರಿ ಬೀಳುತ್ತದೆ. ಮುಂದೆ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳಬೇಕಾದದ್ದು ಅದೇ ಮಾಂಸಖಂಡ.

ಈ ಕಥೆಯಲ್ಲಿ ನಮ್ಮ ಮೈಸೂರೂ ಇದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ರಿಜಿಸ್ಟರಿನಲ್ಲಿ ಬರೆದಿಟ್ಟಿತ್ತು. ಆ ಕಾಲದಲ್ಲಿ ಇಷ್ಟು ಶಿಸ್ತಾಗಿ ಬರೆದಿಟ್ಟ ಆಸ್ಪತ್ರೆಗಳು ನಮ್ಮ ದೇಶದಲ್ಲಿ ಅಪರೂಪ. ತೊಂಬತ್ತರ ದಶಕದಲ್ಲಿ ಸಂಶೋಧಕರು ಆ ಪುಟಗಳನ್ನು ಹಿಡಿದು ಸುತ್ತಲ ಬೀದಿಗಳಲ್ಲಿ ಮನೆಮನೆ ತಿರುಗಿದರು. ಅಲ್ಲಿ ಹುಟ್ಟಿ ಆಗ ನಡುವಯಸ್ಸು ಮುಟ್ಟಿದ್ದವರನ್ನು ಹುಡುಕಿ ಪರೀಕ್ಷೆ ಮಾಡಿದರು. ಕಡಿಮೆ ತೂಕಕ್ಕೆ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಇತ್ತು. ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಬೇರೆ ಬಂತು. ಕುಳ್ಳಗೆ, ಗುಂಡಗೆ ಹುಟ್ಟಿದವರಲ್ಲಿ ಅದು ಹೆಚ್ಚಿತ್ತು. ಅವರ ತಾಯಂದಿರಿಗೇ ಬಸುರಿನಲ್ಲಿ ಸಕ್ಕರೆ ಏರಿತ್ತೇನೋ ಎಂಬ ಅನುಮಾನ ಹುಟ್ಟಿತು.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದರೆ ನೂರಕ್ಕೆ ಆರು ಮಂದಿಗೆ ಸಕ್ಕರೆ ಏರಿತ್ತು. ಅವರ ಮಕ್ಕಳು ಐದು ವರ್ಷಕ್ಕೆ, ಅದರಲ್ಲೂ ಹೆಣ್ಣುಮಕ್ಕಳು, ಉಳಿದವರಿಗಿಂತ ಹೆಚ್ಚು ಕೊಬ್ಬು ತುಂಬಿಕೊಂಡಿದ್ದರು. ಅಂದರೆ ಅಜ್ಜಿಯ ಹಸಿವು ತಾಯಿಗೆ ಸಕ್ಕರೆಯಾಗಿ, ತಾಯಿಯ ಸಕ್ಕರೆ ಮಗಳಿಗೆ ಬೊಜ್ಜಾಗಿ ಇಳಿದು ಬರಬಹುದು. ಇದರಲ್ಲಿ ಮಗಳ ಬಾಯಿಚಪಲದ ಪಾಲೆಷ್ಟು, ನೀವೇ ಹೇಳಿ.

ಕರ್ನಾಟಕದ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ನಮ್ಮ ಹೆಂಗಸರಲ್ಲಿ ಅತಿತೂಕ, ಬೊಜ್ಜು ಇದ್ದವರು ನೂರಕ್ಕೆ 23. 2019-21ರ ಹೊತ್ತಿಗೆ 30. ಅದೇ ಸಮೀಕ್ಷೆಯಲ್ಲಿ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಎರಡೂ ಒಂದೇ ರಾಜ್ಯ, ಎಷ್ಟೋ ಕಡೆ ಒಂದೇ ಮನೆ.

ಬರಗಾಲಕ್ಕೆ ತಯಾರಾಗಿ ಬಂದ ಇಂಥ ಮೈ ಕಣ್ಣು ಬಿಟ್ಟದ್ದು ಎಣ್ಣೆಯ ಸುಗ್ಗಿಯಲ್ಲಿ. ಒಂದು ಸಣ್ಣ ಲೆಕ್ಕ ಹಾಕೋಣ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 5 ಲೀಟರಿನ ಒಂದು ಕ್ಯಾನ್ ಖಾಲಿಯಾಗುತ್ತದೆ ಅಂದುಕೊಳ್ಳಿ. ತಲೆಗೆ ದಿನಕ್ಕೆ ಸುಮಾರು 38 ಗ್ರಾಂ ಎಣ್ಣೆ, ಅಂದರೆ 340 ಕ್ಯಾಲೊರಿ. ಇದು ಬರೀ ಮನೆಯದು. ಸಂಜೆ ಬೋಂಡ, ಬೇಕರಿಯ ಪಫ್ಸ್, ಚಕ್ಕುಲಿ ಪ್ಯಾಕೆಟ್ಟು ಸೇರಿಲ್ಲ. ಹಿಂದೆ ಹಪ್ಪಳ ಕರಿಯುವುದೆಂದರೆ ಹಬ್ಬ, ಇಲ್ಲಾ ನೆಂಟರು. 1990ರ ದಶಕದಲ್ಲಿ ಖಾದ್ಯತೈಲದ ಆಮದಿಗೆ ಬಾಗಿಲು ತೆರೆದ ಮೇಲೆ ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆ ಹಡಗುಗಟ್ಟಲೆ ಬಂತು. ಇವತ್ತು ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವವರು ನಾವೇ.

ಹಾಗಾದರೆ ಬಾಯಿ ಕಟ್ಟಿದರೆ ಆಯ್ತಲ್ಲ? ಅಷ್ಟು ಸುಲಭವಿಲ್ಲ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಎರಡು ವಾರ ಕಾರ್ಖಾನೆಯ ಪ್ಯಾಕೆಟ್ ಆಹಾರ, ಎರಡು ವಾರ ಮಾಮೂಲಿ ಅಡುಗೆ. ಎರಡು ಊಟದಲ್ಲೂ ಬಡಿಸಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಎಂದರು. ಪ್ಯಾಕೆಟ್ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಎರಡೇ ವಾರಕ್ಕೆ 0.9 ಕಿಲೋ ಏರಿದರು. ಮಾಮೂಲಿ ಅಡುಗೆಗೆ ಬಂದಾಗ ಅಷ್ಟೇ ಇಳಿದರು. ಜನ ಅವರೇ, ಮನಸ್ಸಿನ ಗಟ್ಟಿತನವೂ ಅದೇ. ಬದಲಾಗಿದ್ದು ತಟ್ಟೆ.

ತಟ್ಟೆಗೆ ಬರುವುದನ್ನು ಬದಲಿಸಲು ಹೊರಟ ದೇಶಗಳಿವೆ. ಮೆಕ್ಸಿಕೊ 2014ರಲ್ಲಿ ಸಕ್ಕರೆ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು, ಮೊದಲ ವರ್ಷ ಖರೀದಿ ಸುಮಾರು ಶೇ 6 ಇಳಿಯಿತು. ಚಿಲಿ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಅತಿಯಾದ ತಿನಿಸಿನ ಪ್ಯಾಕೆಟ್ಟಿನ ಮುಂದೆ ಎಂಟು ಮೂಲೆಯ ಕಪ್ಪು ಗುರುತು ಕಡ್ಡಾಯ ಮಾಡಿತು. ಓದು ಬಾರದ ಅಜ್ಜಿಗೂ ಮೊಮ್ಮಗನ ಕೈಯಲ್ಲಿರುವುದು ಎಂಥದ್ದು ಅಂತ ಗೊತ್ತಾಗುತ್ತದೆ. ಹಾಗೆ ಗುರುತು ಬಿದ್ದ ಪಾನೀಯಗಳ ಖರೀದಿ ಅಲ್ಲಿ ಕಾಲುಭಾಗದಷ್ಟು ತಗ್ಗಿತು. ನನಗೆ ಜಾಣತನ ಅನ್ನಿಸಿದ್ದು ಬ್ರಿಟನ್ನಿನದು. 2018ರ ಅಲ್ಲಿನ ತೆರಿಗೆ ಬೀಳುವುದು ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆ ಎಂಬುದರ ಮೇಲೆ. ಹಾಗಾಗಿ ತೆರಿಗೆ ಜಾರಿಗೆ ಬರುವ ಮೊದಲೇ ಎಷ್ಟೋ ಕಂಪನಿಗಳು ತಾವಾಗಿಯೇ ಸಕ್ಕರೆ ಇಳಿಸಿದವು. ಕುಡಿಯುವವರು ಏನೂ ಮಾಡಬೇಕಾಗಿ ಬರಲಿಲ್ಲ.

ನಮ್ಮ ಪಕ್ಕದ ಕೇರಳವೂ 2016ರಲ್ಲಿ ದೊಡ್ಡ ಬ್ರ್ಯಾಂಡಿನ ಹೋಟೆಲುಗಳ ಪಿಜ್ಜಾ, ಬರ್ಗರ್ ಮೇಲೆ ಶೇ 14.5 ತೆರಿಗೆ ಹಾಕಿತ್ತು. ಪರೋಟ, ಪಳಂಪೊರಿಯನ್ನು (ಬಾಳೆಹಣ್ಣಿನ ಬಜ್ಜಿ) ಯಾರೂ ಮುಟ್ಟಲಿಲ್ಲ, ಮುಟ್ಟುವ ಧೈರ್ಯ ಯಾರಿಗಿದೆ! ಮರುವರ್ಷ ಜಿಎಸ್‌ಟಿ ಬಂದು ಅದೂ ಹೋಯಿತು.

ಆದರೆ ಮೈಸೂರಿನ ರಿಜಿಸ್ಟರನ್ನು ನಂಬುವುದಾದರೆ ತೆರಿಗೆ, ಲೇಬಲ್ಲು ಅರ್ಧ ಕೆಲಸ ಅಷ್ಟೆ. ಉಳಿದರ್ಧದ ಪ್ರಯತ್ನವೊಂದು ಮುಂಬೈನ ಕೊಳೆಗೇರಿಗಳಲ್ಲಿ ನಡೆದಿದೆ. ಇನ್ನೂ ಬಸುರಾಗದ ಹೆಂಗಸರಿಗೆ ದಿನಾ ಒಂದು ತಿಂಡಿ ಕೊಟ್ಟರು. ಬೀದಿಯಲ್ಲಿ ಸಿಗುವ ತಿಂಡಿಯಂತೆಯೇ ಇದ್ದರೂ ಒಳಗೆ ಸೊಪ್ಪು, ಹಣ್ಣು, ಹಾಲು. ಇನ್ನೊಂದು ಗುಂಪಿಗೆ ಆಲೂಗಡ್ಡೆ, ಈರುಳ್ಳಿಯಂಥದ್ದು ಹಾಕಿದ ತಿಂಡಿ. ಒಟ್ಟಾರೆ ನೋಡಿದರೆ ಮಕ್ಕಳ ತೂಕದಲ್ಲಿ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ಬಸುರಿನಲ್ಲಿ ಸಕ್ಕರೆ ಏರಿದ್ದು ಆಲೂಗಡ್ಡೆ ಗುಂಪಿನಲ್ಲಿ ಶೇ 12.4, ಸೊಪ್ಪಿನ ಗುಂಪಿನಲ್ಲಿ ಶೇ 7.3.

ನಮ್ಮಲ್ಲಿ 2017ರಿಂದ ಮಾತೃಪೂರ್ಣ ಯೋಜನೆಯ ಬಿಸಿಯೂಟವಿದೆ. ಅದು ಶುರುವಾಗುವುದು ಹೆಂಗಸು ಗರ್ಭಿಣಿ ಎಂದು ಗೊತ್ತಾದ ಮೇಲೆ. ಮುಂಬೈನ ತಿಂಡಿ ಅದಕ್ಕೂ ಮೊದಲೇ ಶುರುವಾಗಿತ್ತು. ಹಾಗೆ ನೋಡಿದರೆ ನಮ್ಮ ಹುಡುಗಿಯರಿಗೆ ಸಮಯಕ್ಕೆ ಸರಿಯಾಗಿ ತಲುಪುತ್ತಿರುವುದು ಶಾಲೆಯ ಮೊಟ್ಟೆ. 2024ರಿಂದ ಅದು ವಾರಕ್ಕೆ ಆರು ದಿನವಾಗಿದೆ. ಮೊಟ್ಟೆ ಕೊಡಬೇಕೋ ಬೇಡವೋ ಎಂದು ನಾವು ಎಷ್ಟು ವರ್ಷ ಜಗಳವಾಡಿದೆವು! ಜಾತಿ ಬಂತು, ಮಠ ಬಂತು, ಬಾಳೆಹಣ್ಣು, ಚಿಕ್ಕಿ ಬಂತು. ಎಂಟನೇ ಕ್ಲಾಸಿನ ಆ ಹುಡುಗಿಗೆ ಮುಂದೆ ಹುಟ್ಟಲಿರುವ ಮಗುವಿನ ಸೊಂಟದ ಅಳತೆಯ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ.