10 ಕೋಟಿ ಡೌನ್‌ಲೋಡ್ ಆದ ಗೇಮನ್ನು ಯಾರೂ ಯಾಕೆ ಆಡ್ತಿಲ್ಲ?

ಓದುಗರ ಪ್ರಶ್ನೆ: ಪ್ಲೇ ಸ್ಟೋರ್‌ನಲ್ಲಿ 10 ಕೋಟಿ ಡೌನ್‌ಲೋಡ್ ಅಂತ ಇರುತ್ತೆ. ಆದ್ರೆ ಆ ಗೇಮ್ ಆಡೋರು ಒಬ್ಬರೂ ಕಾಣಲ್ಲ. ಕ್ಯಾಂಡಿ ಕ್ರಶ್, ಲೂಡೋ ಕಿಂಗ್ ಮಾತ್ರ ವರ್ಷಗಟ್ಟಲೆ ನಡೀತಾನೇ ಇವೆ. ಇದು ಹೇಗೆ?

ವಿಜಯಪುರದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ದಿನಕ್ಕೆ ಒಬ್ಬರಾದರೂ "ಸ್ಟೋರೇಜ್ ಫುಲ್ ಆಗೇತ್ರಿ, ಫೋನ್ ಹ್ಯಾಂಗ್ ಆಗಾಕತ್ತೈತಿ" ಅಂತ ಬರುತ್ತಾರೆ. ಫೋಟೊ ಅಳಿಸಲು ಯಾರಿಗೂ ಮನಸ್ಸಿಲ್ಲ. ಹಾಗಾಗಿ ಗೇಮ್‌ಗಳನ್ನು ಒಂದೊಂದಾಗಿ ತೋರಿಸಿ, ತೆಗೆಯಲಾ ಅಂತ ಕೇಳುತ್ತೇನೆ.

ಒಮ್ಮೆ ಒಬ್ಬ ಆಯಿ ಬಂದಿದ್ದರು. ಫೋನಿನಲ್ಲಿ ಏಳು ಗೇಮ್. ಆರನ್ನು ಮೊಮ್ಮಕ್ಕಳು ರಜೆಗೆ ಬಂದಾಗ ಹಾಕಿ ಹೋಗಿದ್ದರು. ಅವನ್ನೆಲ್ಲ ತೆಗೆ ಅಂದರು. ನನ್ನ ಬೆರಳು ಲೂಡೋ ಹತ್ತಿರ ಹೋಯಿತೋ ಇಲ್ಲವೋ, "ಅದನ್ನ ಮುಟ್ಟಬ್ಯಾಡೋ ಯಪ್ಪಾ, ಸೊಲ್ಲಾಪುರದಾಗ ನನ್ನ ತಂಗಿ ಅದಾಳ. ದಿನಾ ಸಂಜಿಕ್ಕ ಇಬ್ಬರೂ ಅದರಾಗ ಆಡ್ತೀವಿ" ಅಂದರು.

ನಿಮ್ಮ ಪ್ರಶ್ನೆಗೆ ಉತ್ತರ ಆ ಫೋನಿನಲ್ಲೇ ಇತ್ತು. ನಾನು ತೆಗೆದ ಆರು ಗೇಮ್‌ಗಳೂ ಪ್ಲೇ ಸ್ಟೋರ್ ಲೆಕ್ಕದಲ್ಲಿ ಡೌನ್‌ಲೋಡ್ ಆದವೇ. ಆ ಸಂಖ್ಯೆ ಇವತ್ತಿನವರೆಗೆ ಎಷ್ಟು ಜನ ಹಾಕಿಕೊಂಡರು ಅನ್ನೋದನ್ನು ಮಾತ್ರ ಹೇಳುತ್ತೆ. ಎಲ್ಲರೂ ತೆಗೆದು ಹಾಕಿದರೂ ಅದು ಇಳಿಯಲ್ಲ. ನಮ್ಮ ಸಿದ್ಧೇಶ್ವರ ಜಾತ್ರೆಗೆ ಎಷ್ಟು ಜನ ಬಂದರು ಅಂತ ಎಣಿಸಿ, ಊರಿನ ಕಿರಾಣಿ ಅಂಗಡಿ ವ್ಯಾಪಾರ ಹೇಗಿದೆ ಅಂತ ಹೇಳೋಕಾಗುತ್ತಾ?

ಗೇಮ್ ಮಾಡುವವರು ಬೇರೆ ಲೆಕ್ಕ ಇಡುತ್ತಾರೆ. ಇವತ್ತು ಹಾಕಿಕೊಂಡವರಲ್ಲಿ ನಾಳೆ ಎಷ್ಟು ಜನ ಮತ್ತೆ ತೆರೆದರು? ಏಳನೇ ದಿನ ಎಷ್ಟು? ಮೂವತ್ತನೇ ದಿನ ಎಷ್ಟು? ಇದು ಅವರಿಗೆ ಜೀವದ ಪ್ರಶ್ನೆ. ಯಾಕಂದ್ರೆ ಜಾಹೀರಾತಿಗೆ ಸುರಿದ ದುಡ್ಡು ವಾಪಸ್ ಬರೋದು ಆಡುವವರು ಉಳಿದರೆ ಮಾತ್ರ. 2021ರ ಏಪ್ರಿಲ್‌ನಲ್ಲಿ ಆಪಲ್ ಒಂದು ನಿಯಮ ತಂದಿತು. ಬಳಸುವವರ ಒಪ್ಪಿಗೆ ಇಲ್ಲದೆ ಆ್ಯಪ್‌ಗಳು ಅವರ ಬೆನ್ನು ಹತ್ತಿ, ಬೇರೆ ಆ್ಯಪ್‌ಗಳಲ್ಲಿ ಏನು ಮಾಡ್ತಾರೆ ಅಂತ ನೋಡುವಂತಿಲ್ಲ ಅಂತ. ಯಾರಿಗೆ ಯಾವ ಜಾಹೀರಾತು ತೋರಿಸಬೇಕು ಅನ್ನೋದು ಆಗ ಕಷ್ಟವಾಯಿತು. ಎರಡು ದಿನ ಆಡಿ ಬಿಡುವಂಥ ಚಿಕ್ಕಪುಟ್ಟ ಗೇಮ್‌ಗಳಿಗೆ ಜಾಸ್ತಿ ಏಟು ಬಿತ್ತು.

ಮಿಂಚಿ ಮರೆಯಾದದ್ದಕ್ಕೆ ಫ್ಲ್ಯಾಪಿ ಬರ್ಡ್ ಅನ್ನೋ ಗೇಮ್ ದೊಡ್ಡ ಉದಾಹರಣೆ. 2013ರಲ್ಲಿ ಬಂತು, 2014ರ ಜನವರಿಯಲ್ಲಿ ಜಗತ್ತೆಲ್ಲ ಅದೇ. ಜಾಹೀರಾತಿನಿಂದ ದಿನಕ್ಕೆ 50,000 ಡಾಲರ್ ಬರ್ತಿದೆ ಅಂತ ಅದನ್ನು ಮಾಡಿದ ವಿಯೆಟ್ನಾಂನ ಡಾಂಗ್ ನುಯೆನ್ ಹೇಳಿದ್ದರು. ಫೆಬ್ರುವರಿಯಲ್ಲಿ ಅವರೇ ಅದನ್ನು ಆ್ಯಪ್ ಸ್ಟೋರ್‌ಗಳಿಂದ ತೆಗೆದುಬಿಟ್ಟರು.

ಕ್ಯಾಂಡಿ ಕ್ರಶ್ ದಾರಿ ಬೇರೆ. 2012ರಲ್ಲಿ ಫೋನಿಗೆ ಬಂದ ಗೇಮ್ ಅದು. ಐದು ಜೀವ ಕೊಡುತ್ತಾರೆ. ಒಂದು ಹೋದರೆ ಮತ್ತೆ ಬರಲು ಅರ್ಧ ಗಂಟೆ ಕಾಯಬೇಕು. ಬೇಸರ ಬರುವಷ್ಟು ಆಡಲು ಬಿಡುವುದೇ ಇಲ್ಲ. ಆಸೆ ಉಳಿದಿರುವಾಗಲೇ ನಿಲ್ಲಿಸುತ್ತಾರೆ. ಹೊಸ ಲೆವೆಲ್‌ಗಳು ಬರ್ತಾನೇ ಇರುತ್ತವೆ. ಆಡುವವರಲ್ಲಿ ಹೆಚ್ಚಿನವರು ಒಂದು ರೂಪಾಯಿಯನ್ನೂ ಕೊಡಲ್ಲ. ದುಡ್ಡು ಕೊಡುವ ಸ್ವಲ್ಪ ಜನರಿಂದಲೇ ದೊಡ್ಡ ಗಳಿಕೆ. ಇದನ್ನು ಮಾಡಿದ ಕಿಂಗ್ ಕಂಪನಿಯನ್ನು 2016ರಲ್ಲಿ ಆಕ್ಟಿವಿಷನ್ ಬ್ಲಿಜಾರ್ಡ್ 590 ಕೋಟಿ ಡಾಲರ್ ಕೊಟ್ಟು ಕೊಂಡಿತು. 2023ರಿಂದ ಅದು ಮೈಕ್ರೋಸಾಫ್ಟ್ ಕೈಯಲ್ಲಿದೆ. ಸಬ್‌ವೇ ಸರ್ಫರ್ಸ್ ಅನ್ನೋ ಓಟದ ಗೇಮ್‌ನವರೂ ಹೀಗೇ ಹೊಸತನ ತುಂಬುತ್ತಾರೆ. ಓಡೋದು ಅದೇ ಹುಡುಗ, ಊರು ಮಾತ್ರ ಬದಲಾಗ್ತಾ ಇರುತ್ತೆ. ಮುಂಬೈಯೂ ಬಂದು ಹೋಯಿತು.

ಲೂಡೋ ಕಿಂಗ್ ನನಗೆ ಇನ್ನೂ ಹತ್ತಿರದ್ದು. ನವಿ ಮುಂಬೈನ ಗೇಮೆಷನ್ ಕಂಪನಿ 2016ರಲ್ಲಿ ಇದನ್ನು ತಂದಿತು. ಅದೇ ವರ್ಷ ಜಿಯೋ ಬಂದು ಡೇಟಾ ಅಗ್ಗವಾಯಿತು. ಆಟ ಕಲಿಸುವ ಕೆಲಸವೇ ಇರಲಿಲ್ಲ. ಕಟ್ಟೆ ಮೇಲೆ ಸುಣ್ಣದಲ್ಲಿ ಮನೆ ಬರೆದು, ಹುಣಸೆ ಬೀಜ ಉಜ್ಜಿ ಚೌಕಾಬಾರಾ ಆಡಿದ ಕೈಗಳಿಗೆ ಲೂಡೋ ಹೊಸದೇನಲ್ಲ, ಅಲ್ವಾ? 2020ರ ಲಾಕ್‌ಡೌನ್‌ನಲ್ಲಿ ಮನೆಯಿಂದ ಹೊರಗೆ ಹೋಗದ ಜನ ಅದರಲ್ಲೇ ಸೇರಿದರು. ಬಾಗಿಲು ತೆರೆದ ಮೇಲೂ ಬಿಡಲಿಲ್ಲ. ಯಾಕಂದ್ರೆ ಆಯಿಗೆ ಬೇಕಿರೋದು ಬರೀ ಗೇಮ್ ಅಲ್ಲ, ತಂಗಿ. ಅಂಥ ಗೇಮನ್ನು ಜನ ಸುಲಭಕ್ಕೆ ತೆಗೆಯಲ್ಲ. ಹತ್ತಾರು ಫೋನಿನಲ್ಲಿ ಇದನ್ನೇ ನೋಡಿದ್ದೇನೆ.

ನೀವೇ ಪರೀಕ್ಷೆ ಮಾಡಬೇಕಾ? ಡೌನ್‌ಲೋಡ್ ಸಂಖ್ಯೆ ಬಿಡಿ. ಗೇಮ್ ಪುಟದಲ್ಲಿ ಕೊನೆಯ ಅಪ್‌ಡೇಟ್ ಯಾವಾಗ ಆಗಿದೆ ನೋಡಿ. ಆಮೇಲೆ ರಿವ್ಯೂಗಳನ್ನು ಹೊಸದು ಮೊದಲು ಬರುವಂತೆ ಇಟ್ಟು, ಈ ವಾರ ಯಾರಾದರೂ ಬರೆದಿದ್ದಾರಾ ನೋಡಿ. ಬೈದಿದ್ದರೂ ಪರವಾಗಿಲ್ಲ, ಬೈಯೋರು ಇನ್ನೂ ಆಡ್ತಿದ್ದಾರೆ ಅಂತ ಅರ್ಥ. ಎರಡು ಮೂರು ವರ್ಷದಿಂದ ಅಪ್‌ಡೇಟೂ ಇಲ್ಲ, ಮಾತೂ ಇಲ್ಲ ಅಂದ್ರೆ ಮಾಡಿದವರೇ ಕೈ ಬಿಟ್ಟಿರುತ್ತಾರೆ. ಸ್ಟೋರೇಜ್ ಫುಲ್ ಆದಾಗ ಮೊದಲು ಅದನ್ನು ತೆಗೆಯಿರಿ.