ಮೊಬೈಲ್ ಚಿತ್ರದ ಕಪ್ಪು ಪಟ್ಟೆಗಳ ಪೂರ್ವಕಥೆ

ಕುಂಬಳೆಯಲ್ಲೋ ಮುಳ್ಳೇರಿಯದಲ್ಲೋ ರಾತ್ರಿಯ ಯಕ್ಷಗಾನವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದವರಿಗೆ ಈ ತೊಂದರೆ ಗೊತ್ತಿರುತ್ತದೆ. ರಂಗಸ್ಥಳಕ್ಕೆ ಅಗ್ಗದ ಎಲ್‌ಇಡಿ ದೀಪ ಕಟ್ಟಿದ್ದರೆ ಕಿರೀಟದಿಂದ ಗೆಜ್ಜೆಯವರೆಗೆ ಕಪ್ಪು ಪಟ್ಟೆಗಳು ಜಾರುತ್ತಿರುತ್ತವೆ. ಎದುರು ಕುಳಿತ ಪ್ರೇಕ್ಷಕರಿಗೆ ಅವು ಕಾಣುವುದೇ ಇಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದ್ದರಿಂದ ಇಂಥ ದೀಪ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಕಣ್ಣು ಅದನ್ನು ಲೆಕ್ಕಿಸುವುದಿಲ್ಲ, ಕ್ಯಾಮೆರಾ ಬಿಡುವುದಿಲ್ಲ. ಚಿತ್ರ ಕೆಡಿಸುವ ಈ ಪಟ್ಟೆಯನ್ನೇ ಬೇಕೆಂದು ಮೂಡಿಸಿ, ಅದರಲ್ಲಿ ಮಾಹಿತಿ ಕಳುಹಿಸುವ ತಂತ್ರ ಈಗ ಅಂತಾರಾಷ್ಟ್ರೀಯ ಮಾನದಂಡದೊಳಗೆ ಸೇರಿದೆ.

ಬೆಳಕಿನಲ್ಲಿ ಸುದ್ದಿ ಮುಟ್ಟಿಸುವುದು ಹಳೆಯ ಉಪಾಯ. ಕರಾವಳಿಯ ದೀಪಸ್ತಂಭಗಳಿಗೆ ತಮ್ಮದೇ ಮಿನುಗುವ ಕ್ರಮವಿದೆ. ನಾವಿಕ ಎಣಿಸಿ ನೋಡಿ ಇದು ಯಾವ ದೀಪವೆಂದು ಗುರುತಿಸುತ್ತಾನೆ. ಮಾತನ್ನೇ ಬೆಳಕಿಗೆ ಏರಿಸಿದವರು ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಅವರ ಸಹಾಯಕ ಚಾರ್ಲ್ಸ್ ಸಮ್ನರ್ ಟೇಂಟರ್. 1880ರ ಜೂನ್ 3ರಂದು ವಾಷಿಂಗ್ಟನ್ನಿನ ಶಾಲೆಯೊಂದರ ಮಾಳಿಗೆಯಿಂದ, ದನಿಗೆ ಕಂಪಿಸುವ ಕನ್ನಡಿಯ ಮೇಲೆ ಬಿಸಿಲು ಬೀಳಿಸಿ, 213 ಮೀಟರ್ ಆಚೆಗೆ ಮಾತು ಕೇಳಿಸಿದರು. ಬೆಳಕನ್ನು ಮತ್ತೆ ವಿದ್ಯುತ್ತಾಗಿಸಲು ಅಲ್ಲಿ ಸೆಲೆನಿಯಂ ಇತ್ತು. ಬೆಲ್ ಈ ಫೋಟೋಫೋನನ್ನು ಟೆಲಿಫೋನಿಗಿಂತ ಮೇಲೆಂದು ಎಣಿಸಿದ್ದರು. ಮೋಡ ಕವಿದರೆ ಬಾಯಿ ಕಟ್ಟುವ ಯಂತ್ರ ಅದು. ನಮ್ಮ ಮಳೆಗಾಲದ ಆಟಿ ತಿಂಗಳಲ್ಲಿ ಅದರ ಗತಿ ಏನಾಗುತ್ತಿತ್ತೋ!

ಮುಂದಿನ ನೂರು ವರ್ಷ ರೇಡಿಯೊದ್ದು. ಬೆಳಕು ಮರಳಿ ಬಂದದ್ದು ಎಲ್‌ಇಡಿಯಿಂದ. 1993ರಲ್ಲಿ ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶೂಜಿ ನಾಕಾಮುರ ಪ್ರಖರವಾದ ನೀಲಿ ಎಲ್‌ಇಡಿಯನ್ನು ತಂದರು. ಬಿಳಿಯದು ಅದರ ಬೆನ್ನಿಗೇ ಬಂತು. ಕಾದ ತಂತಿಯ ಬಲ್ಬು ಆರಲು ಹೊತ್ತು ಹಿಡಿಯುತ್ತದೆ. ಎಲ್‌ಇಡಿಯನ್ನಾದರೆ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆರಿಸಿ ಹೊತ್ತಿಸಬಹುದು. ಕೇಯೋ ವಿಶ್ವವಿದ್ಯಾಲಯದ ಮಸಾವೊ ನಾಕಾಗಾವ ಅವರ ತಂಡ ಕೋಣೆಯ ದೀಪವನ್ನೇ ಮಾಹಿತಿ ಕಳುಹಿಸುವ ಸಾಧನವಾಗಿಸುವ ಕೆಲಸಕ್ಕೆ ಇಳಿಯಿತು. 2011ರಲ್ಲಿ ಎಡಿನ್‌ಬರೋದ ಹರಾಲ್ಡ್ ಹಾಸ್ ತಮ್ಮ ಭಾಷಣದಲ್ಲಿ ಬೆಳಕಿನ ಈ ಸಂವಹನಕ್ಕೆ ‘ಲೈ-ಫೈ’ ಎಂಬ ಹೆಸರನ್ನು ಮುಂದಿಟ್ಟಾಗ ಪತ್ರಿಕೆಗಳು ವೈ-ಫೈಯ ಕಾಲ ಮುಗಿಯಿತೆಂಬಂತೆ ಬರೆದವು. ವೈ-ಫೈಗೆ ಸಾಟಿಯಾಗುವ ವೇಗಕ್ಕೆ, ಬೆಳಕನ್ನು ವಿದ್ಯುತ್ತಾಗಿಸುವ ಫೋಟೋಡಯೋಡ್ ಇರುವ ಪ್ರತ್ಯೇಕ ರಿಸೀವರ್ ಬೇಕೆಂಬ ಮಾತು ಆ ಗದ್ದಲದಲ್ಲಿ ಮರೆಯಾಯಿತು.

ಜನರ ಜೇಬಿನಲ್ಲಿ ಅಂಥ ರಿಸೀವರ್ ಇರಲಿಲ್ಲ. ಇದ್ದದ್ದು ಮೊಬೈಲಿನ ಕ್ಯಾಮೆರಾ, ಅದೂ ಸೆಕೆಂಡಿಗೆ 30 ಚಿತ್ರ ಹಿಡಿಯುವಂಥದ್ದು. ಚಿತ್ರಕ್ಕೊಂದು ಮಿನುಗು ಎಂದು ಎಣಿಸಿದರೆ ಸೆಕೆಂಡಿಗೆ ಹದಿನೈದು ಬಿಟ್ ದಾಟುವುದೂ ಕಷ್ಟ. ಸಾಲದ್ದಕ್ಕೆ ಅಷ್ಟು ನಿಧಾನದ ಮಿನುಗು ಕಣ್ಣು ಚುಚ್ಚುತ್ತದೆ. ದಾರಿ ತೋರಿಸಿದ್ದು ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಅಗ್ಗದ ಸಂವೇದಕದ ದೋಷ. ಅದು ಇಡೀ ಚಿತ್ರವನ್ನು ಒಮ್ಮೆಲೇ ಹಿಡಿಯುವುದಿಲ್ಲ. ಕಾಸರಗೋಡು ಸೀರೆಯ ಮಗ್ಗದಲ್ಲಿ ಹೊಕ್ಕಿನ ಎಳೆಗಳು ಒಂದರ ಮೇಲೊಂದು ಕೂರುವಂತೆ ಸಾಲು ಸಾಲಾಗಿ ಓದುತ್ತದೆ. ಇದೇ ರೋಲಿಂಗ್ ಶಟರ್. ಒಂದು ಸಾಲಿಗೆ 20 ಮೈಕ್ರೋಸೆಕೆಂಡ್ ಎಂದಿಟ್ಟುಕೊಳ್ಳಿ. ದೀಪ ಸೆಕೆಂಡಿಗೆ ಸಾವಿರ ಸಲ ಮಿನುಗಿದರೆ 25 ಸಾಲು ಬೆಳಕು, 25 ಸಾಲು ಕತ್ತಲು ಬೀಳುತ್ತವೆ. ಒಂದೇ ಚಿತ್ರದಲ್ಲಿ ಹತ್ತಾರು ಬಿಟ್ ಸಿಕ್ಕಿತು, ಕಣ್ಣಿಗೂ ನೆಮ್ಮದಿ. ಹಾಸ್ ಅವರೂ ಇದ್ದ ಎಡಿನ್‌ಬರೋ ತಂಡ 2012ರಲ್ಲಿ ಇದನ್ನು ಪ್ರಕಟಿಸಿತು. 2015ರಲ್ಲಿ ಫ್ರಾನ್ಸಿನ ಲಿಲ್ ನಗರದ ಕಾರ್ಫೂರ್ ಮಳಿಗೆಯಲ್ಲಿ ಫಿಲಿಪ್ಸ್ ದೀಪಗಳು ಗ್ರಾಹಕರ ಮೊಬೈಲಿಗೆ ಅವರು ನಿಂತ ಜಾಗವನ್ನು ತಿಳಿಸತೊಡಗಿದವು. ಇಂಜಿನಿಯರುಗಳ ಅಂತಾರಾಷ್ಟ್ರೀಯ ಸಂಸ್ಥೆ ಐಇಇಇ ಬೆಳಕಿನ ಸಂವಹನಕ್ಕಾಗಿ ರೂಪಿಸಿದ 802.15.7 ಮಾನದಂಡ 2011ರದು. 2018ರ ಪರಿಷ್ಕರಣೆಯಲ್ಲಿ ಕ್ಯಾಮೆರಾ ಸಂವಹನವೂ ಸೇರಿತು.

ಇದರಲ್ಲಿ ಸಿನಿಮಾ ಇಳಿಯದು. ಸೆಕೆಂಡಿಗೆ ಕೆಲವೇ ಕಿಲೋಬಿಟ್, ಅದೂ ದೀಪದಿಂದ ಮೊಬೈಲಿಗೆ ಮಾತ್ರ. ಮರುಮಾತಿಗೆ ಬೇರೆ ದಾರಿ ಬೇಕು. ಆದರೆ ವಿಳಾಸ ಹೇಳಲು ಇಷ್ಟು ಧಾರಾಳ ಸಾಕು. ಕಾಸರಗೋಡು, ಮಂಜೇಶ್ವರದ ಸರಕಾರಿ ಕಚೇರಿಗಳಲ್ಲಿ ಮಲಯಾಳ ಮಾತ್ರದ ಫಲಕಗಳ ಬಗ್ಗೆ ಇಲ್ಲಿನ ಕನ್ನಡಿಗರ ದೂರು ಹಳೆಯದು. ಕಾರಿಡಾರಿನಲ್ಲಿ ಇಂಥ ದೀಪವಿದ್ದರೆ ಅದು ಜಾಗದ ಗುರುತಾಗಿ ಒಂದು ಸಂಖ್ಯೆಯನ್ನಷ್ಟೇ ಕಳುಹಿಸುತ್ತದೆ, ಆ ಜಾಗದ ಹೆಸರನ್ನು ಯಾವ ಭಾಷೆಯಲ್ಲಿ ತೋರಿಸಬೇಕೆಂಬುದು ಮೊಬೈಲಿನ ಆಯ್ಕೆ. ಕೈಯಲ್ಲಿ ಹಿಡಿದ ಮೊಬೈಲಿನ ಮುಂಬದಿಯ ಕ್ಯಾಮೆರಾ ಹೇಗೂ ಚಾವಣಿಯನ್ನೇ ನೋಡುತ್ತಿರುತ್ತದೆ. ಕನ್ನಡದಲ್ಲೂ ಫಲಕ ಬರೆಸುವುದಕ್ಕೆ ಇದು ಬದಲಿಯಲ್ಲ, ಯಾರೂ ಹಾಗೆ ಹೇಳಿ ಜಾರಿಕೊಳ್ಳಬಾರದು.

ಅಡ್ಡಿಗಳು ಸಣ್ಣವಲ್ಲ. ಮಬ್ಬು ಬೆಳಕಿನಲ್ಲಿ ಕ್ಯಾಮೆರಾ ತಾನಾಗಿ ಎಕ್ಸ್‌ಪೋಷರ್, ಅಂದರೆ ಬೆಳಕು ಹಿಡಿಯುವ ಅವಧಿಯನ್ನು ಹಿಗ್ಗಿಸಿಕೊಂಡರೆ ಪಟ್ಟೆಗಳು ಕಲೆಸಿಹೋಗುತ್ತವೆ. ಆ್ಯಪ್ ಅದನ್ನು ತಡೆಯಬೇಕು. ದೀಪದೊಳಗೆ ಎಲ್‌ಇಡಿಗೆ ವಿದ್ಯುತ್ತು ಹಾಯಿಸುವ ಡ್ರೈವರ್ ಸರ್ಕಿಟ್ ಬದಲಾಗಬೇಕು. ಪಂಚಾಯತುಗಳ ಬೀದಿದೀಪಗಳನ್ನು ಎಲ್‌ಇಡಿಗೆ ತಿರುಗಿಸುವ ಕೇರಳದ ‘ನಿಲಾವ್’ ಯೋಜನೆ ಬೆಳಕಿಗಾಗಿ ಬಂದದ್ದೇ ಹೊರತು ಸಂದೇಶಕ್ಕಾಗಿ ಅಲ್ಲ. ಎಲ್ಲಕ್ಕಿಂತ ದೊಡ್ಡ ಎದುರಾಳಿ ಗೋಡೆಗೆ ಅಂಟಿಸುವ ಕ್ಯೂಆರ್ ಕೋಡ್. ಬಾಗಿಲ ಬಳಿ ಹೋಗಿ ನಿಲ್ಲಲು ಆಗುವಲ್ಲೆಲ್ಲ ಅದೇ ಗೆಲ್ಲುತ್ತದೆ. ಜಿಪಿಎಸ್ ತಲುಪದ ದೊಡ್ಡ ಆಸ್ಪತ್ರೆಯಲ್ಲೋ ಉಗ್ರಾಣದಲ್ಲೋ ನಡೆಯುತ್ತಲೇ ದಾರಿ ತಿಳಿಯಬೇಕಾದಾಗ ಮಾತ್ರ ದೀಪಕ್ಕೆ ಅವಕಾಶ.