ಹಳೇ ಔಷಧಕ್ಕೆ ಹೊಸ ಕಾವಲು

ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳ ಸುದ್ದಿ ಬರುತ್ತಲೇ ಇರುತ್ತದೆ. ಅದರ ಬೆನ್ನಿಗೇ 'ಹೊಸ ಔಷಧ ಸಿಕ್ಕಿತು' ಎಂಬ ಸುದ್ದಿಯೂ ಬರುತ್ತದೆ. ಆದರೆ ಈ ಹೊಸ ಅಣುಗಳಲ್ಲಿ ಎರಡು ಬಗೆ ಇವೆ. ಒಂದು, ಬ್ಯಾಕ್ಟೀರಿಯಾವನ್ನು ತಾನೇ ಕೊಲ್ಲುವಂಥದ್ದು. ಇನ್ನೊಂದು, ಹಳೇ ಔಷಧವನ್ನು ಬ್ಯಾಕ್ಟೀರಿಯಾ ಹಾಳುಮಾಡದಂತೆ ಕಾಯುವಂಥದ್ದು. ಸದ್ದು ಮಾಡುವುದು ಮೊದಲನೆಯದು. ಎರಡನೆಯದರ ಬಗ್ಗೆ ಮಾತೇ ಕಡಿಮೆ. ಅದರ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

1928ರಲ್ಲಿ ಫ್ಲೆಮಿಂಗ್ ಪೆನಿಸಿಲಿನ್ ಕಂಡರು. 1940ರಲ್ಲಿ, ಅದು ಇನ್ನೂ ರೋಗಿಗಳ ಕೈ ಸೇರುವ ಮೊದಲೇ, ಅದನ್ನು ಹಾಳುಮಾಡುವ ಕಿಣ್ವ ಬ್ಯಾಕ್ಟೀರಿಯಾದಲ್ಲಿದೆ ಎಂದು ಆಕ್ಸ್‌ಫರ್ಡ್ ವಿಜ್ಞಾನಿಗಳಾದ ಅಬ್ರಹಾಂ ಮತ್ತು ಚೇನ್ ಬರೆದರು. ಮುಂದಿನ ಮೂರು ದಶಕ ಹೊಸ ಔಷಧ ಬರುವುದು, ಬ್ಯಾಕ್ಟೀರಿಯಾ ಅದಕ್ಕೂ ಒಗ್ಗಿಕೊಳ್ಳುವುದು, ಇದೇ ನಡೆಯಿತು.

ಪೆನಿಸಿಲಿನ್ ಅಣುವಿನಲ್ಲಿ ನಾಲ್ಕು ಪರಮಾಣುಗಳ ಪುಟ್ಟ ಉಂಗುರವಿದೆ. ಹೆಸರು ಬೀಟಾ-ಲ್ಯಾಕ್ಟಮ್. ಚೌಕಕ್ಕೆ ಬಗ್ಗಿರುವುದರಿಂದ ಅದು ಸದಾ ಬಿಗುವಿನಲ್ಲಿರುತ್ತದೆ. ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಲು ಬಳಸುವ ಕಿಣ್ವಕ್ಕೆ ತಗುಲಿದ ಕೂಡಲೇ ಬಿಚ್ಚಿಕೊಂಡು ಅಲ್ಲೇ ಅಂಟುತ್ತದೆ. ಗೋಡೆಯ ಕೆಲಸ ನಿಂತು ಬ್ಯಾಕ್ಟೀರಿಯಾ ಸಾಯುತ್ತದೆ. ಬೀಟಾ-ಲ್ಯಾಕ್ಟಮೇಸ್ ಎಂಬ ಇನ್ನೊಂದು ಕಿಣ್ವ ಮಾಡುವುದು ಇಷ್ಟೇ: ಔಷಧ ಗುರಿ ಮುಟ್ಟುವ ಮೊದಲೇ ಆ ಉಂಗುರವನ್ನು ಒಡೆದು, ನೀರು ಸೇರಿಸಿ, ಬಿಟ್ಟುಬಿಡುತ್ತದೆ. ಆಮೇಲೆ ಮುಂದಿನ ಅಣುವಿಗೆ ಕೈ ಹಾಕುತ್ತದೆ.

1970ರ ದಶಕದಲ್ಲಿ ಬ್ರಿಟನ್ನಿನ ಬೀಚಮ್ ಕಂಪನಿಯ ವಿಜ್ಞಾನಿಗಳು ಈ ಕಿಣ್ವವನ್ನೇ ಕಟ್ಟಿಹಾಕುವ ದಾರಿ ಹುಡುಕಿದರು. ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಕ್ಲಾವುಲಾನಿಕ್ ಆಮ್ಲ ಸಿಕ್ಕಿತು. ಕೊಲ್ಲುವ ಶಕ್ತಿ ಅದಕ್ಕೆ ಅಷ್ಟಕ್ಕಷ್ಟೇ. ಆದರೆ ಅದರಲ್ಲೂ ಅದೇ ಉಂಗುರವಿದೆ. ಕಿಣ್ವ ಎಂದಿನಂತೆ ಬಂದು ಒಡೆಯುತ್ತದೆ. ಒಡೆದ ತುಂಡು ಮಾತ್ರ ಕಳಚಿಕೊಳ್ಳುವುದಿಲ್ಲ. ರೂಪ ಬದಲಿಸಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಗಾಳ ನುಂಗಿದ ಮೀನಿನ ಗತಿ ಕಿಣ್ವಕ್ಕೆ. ಅಷ್ಟರಲ್ಲಿ ಜೊತೆಗಿದ್ದ, ಪೆನಿಸಿಲಿನ್ ಬಳಗದ ಅಮಾಕ್ಸಿಸಿಲಿನ್ ತನ್ನ ಕೆಲಸ ಮುಗಿಸುತ್ತದೆ. 1981ರಲ್ಲಿ ಈ ಜೋಡಿ ಆಗ್ಮೆಂಟಿನ್ ಹೆಸರಿನಲ್ಲಿ ಹೊರಬಂತು. ವೈದ್ಯರು ಇಂದಿಗೂ ಬರೆದುಕೊಡುತ್ತಾರೆ.

ಸಲ್ಬ್ಯಾಕ್ಟಮ್, ಟ್ಯಾಜೊಬ್ಯಾಕ್ಟಮ್ ಇದೇ ದಾರಿಯಲ್ಲಿ ಬಂದವು. ಟ್ಯಾಜೊಬ್ಯಾಕ್ಟಮ್ ಜೋಡಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ. ಅದರ ನಂತರದ ಹೊಸ ಕಾವಲು ಅಣು ಅವಿಬ್ಯಾಕ್ಟಮ್‌ಗೆ 2015ರಲ್ಲಿ. ನಡುವೆ 22 ವರ್ಷ. ಬ್ಯಾಕ್ಟೀರಿಯಾಗಳು ಅಷ್ಟು ದಿನ ಸುಮ್ನೆ ಕೂರುವುದಿಲ್ಲ, ಅಲ್ವಾ? ಕೊನೆಯ ಆಸರೆ ಎಂದು ಎತ್ತಿಟ್ಟಿದ್ದ ಕಾರ್ಬಪೆನೆಮ್ ಎಂಬ ಆ್ಯಂಟಿಬಯೋಟಿಕ್‌ಗಳನ್ನೂ ಒಡೆಯುವ ಕೆಪಿಸಿ ಎಂಬ ಕಿಣ್ವ ಅಮೆರಿಕದಲ್ಲಿ ಕಾಣಿಸಿಕೊಂಡು ದೇಶ ದೇಶಕ್ಕೆ ಹರಡಿತು. ಕ್ಲಾವುಲಾನಿಕ್ ಆಮ್ಲಕ್ಕೆ ಅದು ಜಗ್ಗಲಿಲ್ಲ.

ಅವಿಬ್ಯಾಕ್ಟಮ್‌ನಲ್ಲಿ ಬೀಟಾ-ಲ್ಯಾಕ್ಟಮ್ ಉಂಗುರವೇ ಇಲ್ಲ. ಕಿಣ್ವಕ್ಕೆ ಅಂಟಿಕೊಳ್ಳುತ್ತದೆ, ಬಿಡಿಸಿಕೊಂಡರೂ ಹಾಳಾಗದೆ ಮೊದಲಿನ ರೂಪಕ್ಕೇ ಮರಳಿ, ಮತ್ತೆ ಅಂಟುತ್ತದೆ. ಸೆಫ್ಟಾಜಿಡಿಮ್ ಎಂಬ ಹಳೇ ಆ್ಯಂಟಿಬಯೋಟಿಕ್ ಜೊತೆಗೆ ಕೊಟ್ಟಾಗ ಕೆಪಿಸಿ ಇರುವ ಬ್ಯಾಕ್ಟೀರಿಯಾಗಳೂ ಸೋತವು. ಆದರೆ ಸ್ವಲ್ಪ ಕಾಲದಲ್ಲೇ, ಕೆಲವು ರೋಗಿಗಳಲ್ಲಿ ಚಿಕಿತ್ಸೆ ನಡೆಯುತ್ತಿರುವಾಗಲೇ, ಕಿಣ್ವದ 179ನೇ ಜಾಗದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿ ಈ ಜೋಡಿಯೂ ಕೈಕೊಟ್ಟಿತು. ಇಲ್ಲೊಂದು ವಿಶೇಷ ಇದೆ. ಹಾಗೆ ಬದಲಾದ ಕಿಣ್ವ ಕಾರ್ಬಪೆನೆಮ್ ಒಡೆಯುವ ಶಕ್ತಿಯನ್ನು ಬಹುಪಾಲು ಕಳೆದುಕೊಂಡಿತ್ತು. ಬ್ಯಾಕ್ಟೀರಿಯಾ ಒಂದನ್ನು ಗಳಿಸಲು ಇನ್ನೊಂದನ್ನು ಬಿಟ್ಟುಕೊಟ್ಟಿತ್ತು. ಔಷಧ ರೂಪಿಸುವವರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದು ಕಷ್ಟ ಎಂದೇ ನನ್ನ ನಂಬಿಕೆ.

ಇದುವರೆಗೆ ಹೇಳಿದ ಕಿಣ್ವಗಳೆಲ್ಲ ಸೆರೀನ್ ಎಂಬ ಅಮೈನೊ ಆಮ್ಲದ ಬಲದಿಂದ ಉಂಗುರ ಒಡೆಯುತ್ತವೆ. ಎನ್‌ಡಿಎಂ-1 ಹಾಗಲ್ಲ. ಭಾರತದಲ್ಲಿ ಚಿಕಿತ್ಸೆ ಪಡೆದಿದ್ದ ಸ್ವೀಡನ್ನಿನ ರೋಗಿಯೊಬ್ಬರಲ್ಲಿ 2008ರಲ್ಲಿ ಪತ್ತೆಯಾದ ಈ ಕಿಣ್ವಕ್ಕೆ ನವದೆಹಲಿಯ ಹೆಸರನ್ನೇ ಇಟ್ಟರು. ಹೆಸರಿನ ಜಗಳದಲ್ಲಿ ಅಸಲು ವಿಷಯ ಹಿಂದೆ ಬಿತ್ತು. ಇದು ಸತುವಿನ ಎರಡು ಅಯಾನುಗಳನ್ನು ಇಟ್ಟುಕೊಂಡು ಉಂಗುರವನ್ನು ನೇರವಾಗಿ ನೀರಿನಿಂದಲೇ ಒಡೆಸುತ್ತದೆ. ಸೆರೀನ್ ಇಲ್ಲದ ಕಡೆ ಅವಿಬ್ಯಾಕ್ಟಮ್ ಅಂಟುವುದಾದರೂ ಎಲ್ಲಿಗೆ?

ಸತುವನ್ನೇ ಕಿತ್ತುಕೊಳ್ಳುವುದು ಒಂದು ಉಪಾಯ. 2014ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಜೆರಿ ರೈಟ್ ತಂಡ ಶಿಲೀಂಧ್ರದಿಂದ ಅಂಥ ಅಣುವನ್ನು ಹೊರತೆಗೆದು, ಇಲಿಗಳಲ್ಲಿ ಮೆರೊಪೆನೆಮ್ ಎಂಬ ಕಾರ್ಬಪೆನೆಮ್ ಮತ್ತೆ ಕೆಲಸ ಮಾಡುವುದನ್ನು ತೋರಿಸಿತು. ಆದರೆ ನಮ್ಮ ದೇಹದ ಎಷ್ಟೋ ಕಿಣ್ವಗಳಿಗೂ ಸತು ಬೇಕು. ಇಂಥ ಅಣುಗಳು ಅವುಗಳ ತಂಟೆಗೆ ಹೋಗದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ.

ಇನ್ನೊಂದು ಉಪಾಯ ಹಳೇ ಕಪಾಟಿನಲ್ಲೇ ಇತ್ತು. 1980ರ ದಶಕದ ಅಜ್ಟ್ರಿಯೊನಾಮ್ ಎಂಬ ಆ್ಯಂಟಿಬಯೋಟಿಕ್ ಅನ್ನು ಎನ್‌ಡಿಎಂ ಒಡೆಯಲಾರದು. ತೊಂದರೆ ಏನೆಂದರೆ ಎನ್‌ಡಿಎಂ ಇರುವ ಬ್ಯಾಕ್ಟೀರಿಯಾದಲ್ಲಿ ಸೆರೀನ್ ಕಿಣ್ವಗಳೂ ಸಾಮಾನ್ಯವಾಗಿ ಇರುತ್ತವೆ, ಅವು ಅಜ್ಟ್ರಿಯೊನಾಮ್ ಅನ್ನು ಮುಗಿಸುತ್ತವೆ. ಅವುಗಳಿಂದ ಕಾಯಲು ಅವಿಬ್ಯಾಕ್ಟಮ್ ಕಾವಲು ಹಾಕಿದರೆ ಆಯಿತು. ಯುರೋಪ್ 2024ರಲ್ಲಿ, ಅಮೆರಿಕ 2025ರಲ್ಲಿ ಈ ಜೋಡಿಗೆ ಒಪ್ಪಿಗೆ ಕೊಟ್ಟವು. ಎರಡೂ ಮೊದಲೇ ಗೊತ್ತಿದ್ದ ಅಣುಗಳು. ಇಷ್ಟು ತಡವಾಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಕಿಣ್ವ ಬಿಟ್ಟು ಬೇರೆ ದಾರಿಗಳೂ ಇವೆ. ಒಳಬಂದ ಔಷಧವನ್ನು ಬ್ಯಾಕ್ಟೀರಿಯಾ ಪಂಪ್ ಮಾಡಿ ಹೊರಹಾಕುತ್ತದೆ. ಆ ಪಂಪ್ ತಡೆಯುವ ಅಣುಗಳು ಪ್ರಯೋಗಾಲಯದಲ್ಲಿ ಗೆದ್ದರೂ ದೇಹಕ್ಕೆ ವಿಷವಾಗಿ ಹಿಂದೆ ಉಳಿದವು. ಬ್ಯಾಕ್ಟೀರಿಯಾದ ಹೊರಪೊರೆ ದಾಟಿ ಒಳಹೋಗಲು ಅಣುವಿನ ಆಕಾರ ಹೇಗಿರಬೇಕು ಎಂಬುದಕ್ಕೆ ಇಲಿನಾಯ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಕೆಲವು ನಿಯಮ ಕೊಟ್ಟಿತು: ಸಾರಜನಕವಿರುವ ಅಮೈನ್ ಗುಂಪು ಇರಲಿ, ಅಣು ಚಪ್ಪಟೆಯಾಗಿರಲಿ, ಜಾಸ್ತಿ ಬಳುಕದಿರಲಿ.

ದುಡ್ಡಿನ ಲೆಕ್ಕ ಬೇರೆಯೇ. ಇಂಥ ಔಷಧಗಳನ್ನು ಎತ್ತಿಟ್ಟು, ಬೇರೆ ದಾರಿಯೇ ಇಲ್ಲದಾಗ ಬಳಸಬೇಕು, ಅದೇ ಸರಿ. ಎತ್ತಿಟ್ಟ ಔಷಧ ಮಾರಾಟವಾಗುವುದಿಲ್ಲ. ಹಳೇ ಆ್ಯಂಟಿಬಯೋಟಿಕ್ ಒಂದನ್ನು ಬ್ಯಾಕ್ಟೀರಿಯಾದ ಕಿಣ್ವಗಳಿಗೆ ಸಿಗದಂತೆ ತಿದ್ದಿ ಮಾಡಿದ ಪ್ಲಾಜೊಮೈಸಿನ್‌ಗೆ 2018ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಅದನ್ನು ತಂದ ಕಂಪನಿ ಮರುವರ್ಷವೇ ದಿವಾಳಿಯಾಯಿತು. 2019ರಲ್ಲೇ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ.

ಈಗ ಎಲ್ಲರ ಕಣ್ಣು ಬೋರಾನ್ ಇರುವ ಅಣುಗಳ ಮೇಲಿದೆ. ಅವುಗಳಲ್ಲೊಂದಾದ ಟ್ಯಾನಿಬೋರ್ಬ್ಯಾಕ್ಟಮ್ ಸೆರೀನ್ ಕಿಣ್ವಗಳನ್ನೂ ಎನ್‌ಡಿಎಂ ಅನ್ನೂ ಒಟ್ಟಿಗೇ ಹಿಡಿಯುತ್ತದೆ. ಐಎಂಪಿ ಎಂಬ ಇನ್ನೊಂದು ಸತುವಿನ ಕಿಣ್ವದ ಮುಂದೆ ಮಾತ್ರ ಅದರ ಆಟ ನಡೆಯುವುದಿಲ್ಲ.